ನಿದ್ದೆಗಣ್ಣಿನ ಇಳಿಜಾರು

ಹೇಮಗಿರಿಯಿಂದ ಮಂಗಳೂರಿಗೆ ಎಳನೀರು ಹೊಡೆಯುವ ಲಾರಿಯಲ್ಲಿ ನಾನು ಕ್ಲೀನರ್ ಆಗಿದ್ದೆ. ಒಂದು ಆಷಾಢದ ರಾತ್ರಿ ಡ್ರೈವರಣ್ಣ ಸಕಲೇಶಪುರದಲ್ಲಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ಒಂದು ಗಂಟೆ ಮಲಗಿ, ಎದ್ದವನೇ ಗಾಡಿ ಎತ್ತಿದ. ಶಿರಾಡಿ ಘಾಟಿಯಲ್ಲಿ ದಾರಿ ಕಾಣದಂಥ ಮಳೆ. ಎರಡನೇ ಗೇರಿನಲ್ಲಿ ಇಳಿಯಬೇಕಾದ ಗಾಡಿ ನಾಲ್ಕರಲ್ಲೇ ಓಡುತ್ತಿತ್ತು. "ಅಣ್ಣ, ಗೇರು" ಅಂದೆ. "ಸುಮ್ನಿರ್ಲಾ" ಅಂದ. ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ. ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತೆವು. ಎಳನೀರು ಕಾಯಿಗಳೆಲ್ಲ ಕ್ಯಾಬಿನ್ ತಗಡಿಗೆ ಬಂದು ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ.

ನಿದ್ದೆ ಮಾಡಿ ಎದ್ದವನಿಗೆ ಹೀಗೇಕಾಯಿತು? ಉತ್ತರ ಸಿಕ್ಕಿದ್ದು ಮಂಗಳೂರು ವಿಮಾನ ದುರಂತದ ತನಿಖಾ ವರದಿಯಲ್ಲಿ.

2010ರ ಮೇ 22ರ ಬೆಳಗಿನ ಜಾವ, ದುಬೈನಿಂದ 166 ಜನರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಮರಿಗೆ ಬಿತ್ತು. ಉಳಿದವರು ಎಂಟೇ ಜನ. ಹವೆ ಚೆನ್ನಾಗಿತ್ತು. ಆದರೆ ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಮುಖ್ಯ ಪೈಲಟ್‌ನ ಗೊರಕೆಯಿತ್ತು. ಒಂದೂವರೆ ಗಂಟೆಗೂ ಹೆಚ್ಚು ಮಲಗಿದ್ದರು. ಗಾಢ ನಿದ್ದೆಯಿಂದ ಎದ್ದಾಗ ಕೈಕಾಲು ಮೊದಲು ಏಳುತ್ತವೆ, ತೀರ್ಮಾನಿಸುವ ಬುದ್ಧಿ ಕೊನೆಗೆ. ಈ ಮಂಪರು ಅರ್ಧ ಗಂಟೆಯವರೆಗೂ ಇರಬಹುದು. ವೈದ್ಯರು ಇದನ್ನು ಸ್ಲೀಪ್ ಇನರ್ಶಿಯಾ ಅನ್ನುತ್ತಾರೆ. ಇಳಿಯಲು ಬರುವಾಗ ವಿಮಾನ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ಊರಿದ್ದು 5,200 ಅಡಿ ಕಳೆದ ಮೇಲೆ.

ನನ್ನನ್ನು ಕಾಡುವುದು ಪಕ್ಕದಲ್ಲಿದ್ದ ಸಹಪೈಲಟ್. ಇಳಿಯಬೇಡಿ, ಮತ್ತೆ ಮೇಲೇರೋಣ ಎಂದು ಅವರು ಮೂರು ಸಲ ಹೇಳಿದರು. ಅವರ ಮುಂದೆಯೂ ಕಂಟ್ರೋಲ್ ಇತ್ತು. ಹಿರಿಯರ ಕೈಯಿಂದ ವಿಮಾನ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಶಿರಾಡಿಯಲ್ಲಿ ಒಂದೇ ಮಾತಿಗೆ ಬಾಯಿ ಮುಚ್ಚಿದ ನನಗೆ ಗೊತ್ತು.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡ್‌ನಲ್ಲಿ ಇನ್ನೊಂದು ವಿಮಾನ ಹೀಗೇ ರನ್‌ವೇ ದಾಟಿ ಬಿದ್ದಾಗ ಮಳೆಯೂ ಸೇರಿತ್ತು. ಅಲ್ಲಿಯದೂ ಬಜ್ಪೆಯ ಹಾಗೇ ಗುಡ್ಡದ ನೆತ್ತಿಯ ರನ್‌ವೇ. ಮುಖ್ಯ ಪೈಲಟ್ ಬದಿಯ ವೈಪರ್ ಕೆಟ್ಟಿತ್ತು. ಅವರು ವೈದ್ಯರು ಬರೆದುಕೊಡದ ಸಕ್ಕರೆ ಕಾಯಿಲೆ ಮಾತ್ರೆ ನುಂಗುತ್ತಿದ್ದರು. ರಕ್ತದ ಸಕ್ಕರೆ ಇಳಿದು ಯೋಚನೆ ಕೊಂಚ ಮಂಕಾಗಿರಬಹುದು ಎಂದಿತು ವರದಿ. 21 ಜನ ಸತ್ತರು.

ಈಗ ಸ್ಟೇರಿಂಗ್ ನನ್ನ ಕೈಯಲ್ಲಿದೆ. ಮಲಗಿ ಎದ್ದರೆ ಕೆಳಗಿಳಿದು ಮುಖ ತೊಳೆದು, ಆರೂ ಟೈರು ತಟ್ಟಿ ನೋಡಿ, ಟೀ ಕುಡಿದು, ಅರ್ಧ ಗಂಟೆ ಬಿಟ್ಟೇ ಹೊರಡುತ್ತೇನೆ. ನಮ್ಮ ಕ್ಲೀನರ್ ಹುಡುಗ "ಅಣ್ಣ, ಸೈಡಿಗಾಕು" ಅಂದರೆ ಯಾಕೆ ಅಂತ ಕೇಳುವುದು ಗಾಡಿ ನಿಂತ ಮೇಲೆ.