ಕಪ್ಪು ಹೊಗೆ ಬಂತು ಅಂತ ಮೊದಲು ಸ್ಕ್ರೂ ತಿರುಗಿಸಬೇಡಿ

ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರೀತಿದೆ ಅಂತ ಅರ್ಥ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ. ಅಪ್ಪನ ಪ್ರೀಮಿಯರ್ ಪದ್ಮಿನಿಯದು ಎರಡನೇ ಕಾಯಿಲೆ. ಲೀಟರಿಗೆ 12 ಕಿಲೋಮೀಟರ್ ಓಡ್ತಿದ್ದ ಗಾಡಿ 8ಕ್ಕೆ ಇಳಿದಿತ್ತು. ಶೆಡ್ ತುಂಬ ಪೆಟ್ರೋಲ್ ವಾಸನೆ. ಎಮಿಷನ್ ಟೆಸ್ಟ್‌ನಲ್ಲಿ ಫೇಲ್. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ನಮ್ಮದಕ್ಕೆ ಉಳಿದದ್ದು ಎರಡೇ ತಿಂಗಳು. ‘ಸಾಕು ಬಿಡೋ, ಗುಜರಿಗೆ ಕೊಟ್ಟುಬಿಡೋಣ’ ಅಂದರು ಅಪ್ಪ. ಹಾಗೆ ಹೇಳುವಾಗ ಕಾರಿನ ಕಡೆ ನೋಡಲಿಲ್ಲ.

ಈಗಿನ ಕಾರುಗಳಲ್ಲಿ ಸೆನ್ಸರ್ ನೋಡಿ ಕಂಪ್ಯೂಟರೇ ಪೆಟ್ರೋಲ್ ಅಳೆದು ಕೊಡುತ್ತೆ. ಪದ್ಮಿನಿಯ 1089 ಸಿಸಿ ಎಂಜಿನ್‌ಗೆ ಆ ಸೌಲಭ್ಯ ಇಲ್ಲ. ಕಾರ್ಬ್ಯುರೇಟರ್‌ನ ಕಿರಿದಾದ ಕುತ್ತಿಗೆಯಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತೆ, ಪಕ್ಕದ ಬಟ್ಟಲಿನಿಂದ ಪೆಟ್ರೋಲ್ ಮೇಲೇಳುತ್ತೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಮ್ಮಿಯಾದರೂ ಪೆಟ್ರೋಲ್ ಹೆಚ್ಚಾದರೂ ಮಿಕ್ಸ್ಚರ್ ‘ರಿಚ್’ ಆಗಿ ಮಸಿ ಕಾರುತ್ತೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಹೋಗೋದು ಮಿಕ್ಸ್ಚರ್ ಸ್ಕ್ರೂ ಮೇಲೆ. ಆದರೆ ಅದು ಮುಖ್ಯವಾಗಿ ಐಡ್ಲಿಂಗ್ ಸರಿಮಾಡೋಕೆ. ಓಡುವಾಗ ಪೆಟ್ರೋಲ್ ಕೊಡೋದು ಮೇನ್ ಜೆಟ್. ಕೋಡ್ ಡೀಬಗ್ ಮಾಡೋ ನಿಯಮವೇ ಇಲ್ಲೂ: ಸುಲಭದ್ದರಿಂದ ಶುರು, ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಏರ್ ಫಿಲ್ಟರ್. ಧೂಳು ಕಟ್ಟಿದ್ದರೆ ಬದಲಿಸಿ. ಆಮೇಲೆ ಚೋಕ್. ನಾಬ್ ಒಳಗೆ ತಳ್ಳಿದರೂ ಕೇಬಲ್ ಅರ್ಧಕ್ಕೇ ನಿಂತಿರಬಹುದು. ನಮ್ಮಲ್ಲಿ ಎರಡೂ ಸರಿಯಿತ್ತು.

ಮೂರನೆಯದು ಫ್ಲೋಟ್. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ತೇಲಿ ನಲ್ಲಿ ಮುಚ್ಚುತ್ತಲ್ಲ, ಅದೇ ವ್ಯವಸ್ಥೆ. ಫ್ಲೋಟ್ ಮೇಲೇರಿದಾಗ ಸೂಜಿಯಂಥ ವಾಲ್ವ್ ಪೆಟ್ರೋಲ್ ನಿಲ್ಲಿಸುತ್ತೆ. ಸೂಜಿಯ ತುದಿ ಸವೆದಿದ್ದರೆ, ಫ್ಲೋಟ್ ತೂತಾಗಿ ಮುಳುಗಿದರೆ ಬಟ್ಟಲು ತುಂಬಿ ತುಳುಕುತ್ತೆ. ಬಯಲಲ್ಲಿ, ಬ್ಯಾಟರಿ ಕನೆಕ್ಷನ್ ತೆಗೆದು, ತಣ್ಣಗಿನ ಎಂಜಿನ್ ಮೇಲಷ್ಟೇ ಕಾರ್ಬ್ಯುರೇಟರ್ ಬಿಚ್ಚಿ. ನಮ್ಮ ಹಿತ್ತಾಳೆ ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ಕುಲುಕಿತು. ಬಿಸಿನೀರಿಗೆ ಅದ್ದಿದಾಗ ಜೋಡಣೆಯ ಗೆರೆಯಿಂದ ಸಣ್ಣ ಗುಳ್ಳೆಗಳು ಎದ್ದವು. ಕಳ್ಳ ಸಿಕ್ಕಿದ!

ಬೆಸುಗೆ ಹಾಕಿಸೋಣ ಅಂದೆ. ಹಳೇ ಮೆಕ್ಯಾನಿಕ್ ಒಬ್ಬರು, ‘ಬೇಡ ಸಾರ್, ಒಳಗೆ ಪೆಟ್ರೋಲ್ ಇದೆ, ಬೆಂಕಿ ಹತ್ತುತ್ತೆ. ಮೇಲಾಗಿ ಬೆಸುಗೆ ತೂಕಕ್ಕೆ ಲೆವೆಲ್ಲೂ ಏರುತ್ತೆ’ ಅಂದರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಫ್ಲೋಟ್, ಸೂಜಿ, ಗ್ಯಾಸ್ಕೆಟ್ ಸಿಕ್ಕವು.

ಜೆಟ್ ಕೂಡ ನೋಡಿಬಿಡಿ. ಸೊಲೆಕ್ಸ್ ಜೆಟ್ ಮೇಲೆ 120 ಅಂತಿದ್ದರೆ ರಂಧ್ರ 1.20 ಮಿಲಿಮೀಟರ್. ತಂತಿ ತೂರಿಸಿ ಕ್ಲೀನ್ ಮಾಡಿದರೆ ರಂಧ್ರ ಅಗಲವಾಗಬಹುದು. 1.30 ಆಯಿತು ಅಂದರೆ ದಾರಿ ಶೇ 17ರಷ್ಟು ದೊಡ್ಡದು. ಕಾರ್ಬ್ ಕ್ಲೀನರ್ ಸ್ಪ್ರೇ, ಗಾಳಿ ಸಾಕು.

ಇಷ್ಟಾದ ಮೇಲೆ ಕೊನೆಗೆ, ಬಿಸಿ ಎಂಜಿನ್‌ನಲ್ಲಿ ಐಡ್ಲಿಂಗ್ ಸ್ಕ್ರೂ. ಮಸಿ ಹಿಡಿಯುತ್ತಿದ್ದ ಪ್ಲಗ್ ವಾರದಲ್ಲಿ ತಿಳಿ ಕಂದು ಬಣ್ಣಕ್ಕೆ ತಿರುಗಿತು. ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 2.1; ಇಂಥ ಹಳೇ ಕಾರಿಗೆ ಮಿತಿ ಶೇ 3. ಆರ್‌ಸಿಯೂ ನವೀಕರಣವಾಯಿತು. ಅಪ್ಪ ಈಗ ಗುಜರಿ ಮಾತು ಎತ್ತೋದಿಲ್ಲ.

ಒಂದು ಕೆಲಸ ಮರೀಬೇಡಿ: ಎಂಜಿನ್ ಆಯಿಲ್ ಬದಲಿಸಿ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಕೆಳಗಿಳಿದು ಆಯಿಲ್ ತೆಳು ಮಾಡಿರುತ್ತೆ. ಹಾಗೇ ಓಡಿಸಿದರೆ ಪಿಸ್ಟನ್ ರಿಂಗ್, ಬೇರಿಂಗ್ ಸವೆಯುತ್ತೆ. ಆಗ ಖರ್ಚು ಸಾವಿರಗಳಲ್ಲಿ. ನಿಮ್ಮ ಮನೆಯಲ್ಲೂ ಹಳೇ ಗಾಡಿ ಕಪ್ಪು ಹೊಗೆ ಬಿಡ್ತಿದೆಯಾ? ಗುಜರಿಯವನಿಗೆ ಫೋನ್ ಮಾಡೋ ಮುಂಚೆ ಫ್ಲೋಟ್ ಒಮ್ಮೆ ಅಲ್ಲಾಡಿಸಿ ನೋಡಿ.