ಕೆಲಸ ಹೋದದ್ದನ್ನು ಮುಚ್ಚಿಡಬೇಡಿ

ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಬಸ್ಸಿಳಿದವರನ್ನು ಊರು ಮೊದಲು ಕೇಳುವುದು ‘ಎಷ್ಟು ದಿನ ರಜಾ?’ ಎಂದು. ಕೆಲಸ ಕಳೆದುಕೊಂಡು ಬಂದವರು ಆಗ ತಡವರಿಸಿ ‘ಮನಿಯಿಂದನ ಕೆಲಸ ಐತ್ರಿ’ ಎನ್ನುತ್ತಾರೆ, ಇಲ್ಲವೇ ‘ನಾನೇ ಬಿಟ್ಟು ಬಂದೇನ್ರಿ’ ಎನ್ನುತ್ತಾರೆ. ಮಾನ ಉಳಿಸಿಕೊಳ್ಳಲು ಆಡುವ ಮಾತಿದು, ಇದಕ್ಕಾಗಿ ಯಾರನ್ನೂ ಹಂಗಿಸುವಂತಿಲ್ಲ. ಆದರೆ ಸಂಬಳ ನಿಂತದ್ದಕ್ಕಿಂತ ದೊಡ್ಡ ನಷ್ಟ ಈ ಮುಚ್ಚುಮರೆಯಿಂದ ಆಗುತ್ತದೆ. ಹೊಸ ದಾರಿ ಕಾಣದೆ ಹೋಗುವುದಕ್ಕೂ ‘ನಾನು ಯಾತಕ್ಕೂ ಬಾರದವನು’ ಎಂಬ ಭಾವ ಒಳಗೆ ಬೇರು ಬಿಡುವುದಕ್ಕೂ ಅದೇ ಕಾರಣ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೋಡಿ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ, ಖಾರ ಕಡಿಮೆಯಾಗಿ ಬಣ್ಣ ಗಾಢವಾಗಿರುವ ಕಾಯಿ ಇಲ್ಲಿಯದು. ಸುಗ್ಗಿಯ ತಿಂಗಳುಗಳಲ್ಲಿ ಸೋಮವಾರ, ಗುರುವಾರ ಬಂತೆಂದರೆ ಎಪಿಎಂಸಿ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲ ಹಳ್ಳಿಗಳ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, ಕೆಂಪು ರಾಶಿಯ ಅಂಚಿಗೆ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ, ಬಣ್ಣಗೆಟ್ಟ ಕಾಯಿಯನ್ನು ಬೇರೆ ಹಾಕುತ್ತಾರೆ. ಸಂಜೆಗೆ ಬೆರಳೆಲ್ಲ ಉರಿ. ಮುಂಗಾರು ಹತ್ತಿರವಾದಂತೆ ಆ ಕೆಲಸ ಬಹುಪಾಲು ಮುಗಿಯುತ್ತದೆ. ಪ್ರತಿ ವರ್ಷವೂ ಮುಗಿಯುತ್ತದೆ. ಅದನ್ನು ಯಾರೂ ತಮ್ಮ ಸೋಲೆಂದು ಎಣಿಸುವುದಿಲ್ಲ. ಕೈ ಖಾಲಿಯಾದದ್ದು ಎಲ್ಲರಿಗೂ ಗೊತ್ತಿರುವುದರಿಂದ ಯಾರ ಹೊಲದಲ್ಲಿ ಆಳು ಬೇಕಾಗಿದೆ ಎಂಬ ಸುದ್ದಿ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಇದು ಬಡತನವನ್ನು ಹೊಗಳಿದಂತಾಯಿತು ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ನ್ಯಾಯವಾದದ್ದೇ. ಪಿಎಫ್ ಇಲ್ಲದ, ಬೇನೆ ಬಿದ್ದರೆ ಕೂಲಿಯೂ ಇಲ್ಲದ ಈ ದುಡಿಮೆಯನ್ನು ಮಾದರಿ ಎನ್ನುವುದು ಕ್ರೂರವಾದೀತು. ಅವರಿಗೆ ಭದ್ರತೆ ಬೇಕೇ ಬೇಕು. ನೌಕರಿಯಲ್ಲಿದ್ದವರು ಅವರಿಂದ ಕಲಿಯಬೇಕಾದದ್ದು ಒಂದೇ: ಕೆಲಸ ಮುಗಿದದ್ದನ್ನು ಬಾಯಿಬಿಟ್ಟು ಹೇಳುವುದು.

ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆ ಇನ್ನೊಂದು ಸಂಗತಿಯನ್ನು ತೋರಿಸುತ್ತದೆ. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ರೂಪುಗೊಂಡ ಮೇಲೆ, ಹೂವಿಗೆ ಹೂ ಕೂಡಿಸುವ ‘ಕ್ರಾಸಿಂಗ್’ ಕೆಲಸ ಈ ಭಾಗದ ಹೆಂಗಸರಿಗೆ ಕೈವಶವಾಯಿತು. ಇವತ್ತಿನ ಸಂಜೆ ಮೊಗ್ಗು ಬಿಡಿಸಿ, ಒಳಗಿನ ಅಂಡಾಶಯಕ್ಕೆ ಗಾಯವಾಗದಂತೆ ಗಂಡು ಭಾಗವನ್ನಷ್ಟೇ ತೆಗೆಯಬೇಕು. ನಾಳೆ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಅದಕ್ಕೆ ಸವರಬೇಕು. ವರಲಕ್ಷ್ಮಿಯ ಕಾಲ ಮುಗಿಯಿತು. ಆ ಕೈಚಳಕ ಮಾತ್ರ ಟೊಮೆಟೊ, ಮೆಣಸಿನಗಿಡ, ಬೆಂಡೆಯ ಬೀಜದ ಪ್ಲಾಟುಗಳಲ್ಲಿ ಇಂದಿಗೂ ನಡೆದಿದೆ. ನೌಕರಿ ಬೇರೆ, ಬಲ್ಲ ಕೆಲಸ ಬೇರೆ. ಕಂಪನಿ ಕಿತ್ತುಕೊಳ್ಳಬಹುದಾದದ್ದು ಮೊದಲನೆಯದನ್ನು ಮಾತ್ರ. ಆದರೆ ಬಲ್ಲ ಕೆಲಸ ಏನೆಂಬುದು ನಾಲ್ಕು ಜನಕ್ಕೆ ತಿಳಿಯದಿದ್ದರೆ ಅದಕ್ಕೆ ಕರೆ ಬರುವುದಾದರೂ ಎಲ್ಲಿಂದ?

ಕೆಲಸದ ಜೊತೆ ಒಡನಾಟವೂ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಹಳ್ಳಿಯಲ್ಲಿ ಜವಳಿ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾದಾಗ ಸಮಾಜ ಸಂಶೋಧಕಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ನಡೆಸಿ ಅದನ್ನು 1933ರಲ್ಲಿ ಪ್ರಕಟಿಸಿದರು. ಕೈತುಂಬ ಸಮಯವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ತರುವುದು ಕಡಿಮೆಯಾಗಿತ್ತು, ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಗಿತ್ತು. ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಹೊತ್ತುಗೊತ್ತು, ನಾಲ್ಕು ಜನರ ಒಡನಾಟವನ್ನೂ ಕೊಡುತ್ತಿತ್ತು ಎಂಬುದು ಯಹೋಡಾ ಮುಂದೆ ವಿವರಿಸಿದ ಮಾತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ: ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೆ ಗೊತ್ತಿರುವುದೇ ಅಲ್ಲವೇ? ನಾಚಿಕೆಯಿಂದ ಮದುವೆ-ಮುಂಜಿ, ಜಾತ್ರೆ ತಪ್ಪಿಸಿಕೊಳ್ಳುವವರು ದೂರವಿಡುವುದು ನಿಖರವಾಗಿ ಈ ಪರಿಚಯದವರನ್ನೇ.

ಹೇಳಿದರೆ ಜನ ಆಡಿಕೊಳ್ಳುತ್ತಾರೆ, ಮಗಳ ಸಂಬಂಧ ತಪ್ಪೀತು, ಸಾಲ ಕೊಟ್ಟವರು ಬಾಗಿಲಿಗೆ ಬಂದಾರು ಎಂಬ ಭಯ ಪೊಳ್ಳಲ್ಲ. ಊರಿಗೆಲ್ಲ ಡಂಗುರ ಸಾರಬೇಕಾಗಿಯೂ ಇಲ್ಲ. ಹಳೆಯ ಸಹಪಾಠಿಗಳು, ಒಟ್ಟಿಗೆ ದುಡಿದವರು, ಕಲಿಸಿದ ಮೇಷ್ಟ್ರು, ಪೇಟೆಯ ಪರಿಚಯದವರು ಹೀಗೆ ಇಪ್ಪತ್ತು ಜನಕ್ಕೆ ನೇರವಾಗಿ ಹೇಳಿದರೆ ಸಾಕು. ಸುಳ್ಳು ಹೇಳಿದರೂ ಆಡಿಕೊಳ್ಳುವವರು ಆಡಿಕೊಳ್ಳುತ್ತಾರೆ, ಆದರೆ ನೆರವಾಗಬಲ್ಲವರಿಗೆ ವಿಷಯವೇ ಗೊತ್ತಾಗುವುದಿಲ್ಲ. ಅಧಿಕಾರ ಹೋದರೆ ಮಾನವೂ ಹೋಗಬೇಕೆಂದಿಲ್ಲ: ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ಹೋಗುವವರು ಕೈಮುಗಿಯುವುದು ನಾಯಕಗಿರಿಯಲ್ಲಿದ್ದ ತಿಮ್ಮಪ್ಪನಿಗಲ್ಲ, ಅದನ್ನು ಬಿಟ್ಟು ನಡೆದು ಕನಕದಾಸನಾದವನಿಗೆ.

ಕೆಲಸ ಹೋದದ್ದನ್ನು ಹೇಳಲು ನಾಚುವುದಕ್ಕೆ ರೊಕ್ಕದ ಲೆಕ್ಕವೂ ಇದೆ. ಒಂದು ವರ್ಷ ಸತತ ದುಡಿದ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆಯುವಾಗ ಒಂದು ತಿಂಗಳ ನೋಟಿಸು ಇಲ್ಲವೇ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಕೊಡಬೇಕೆನ್ನುತ್ತದೆ ಕಾನೂನು. ‘ತೆಗೆದರು ಅನ್ನಿಸಿಕೊಳ್ಳುವುದಕ್ಕಿಂತ ನೀವೇ ಬಿಟ್ಟಂತೆ ಇರಲಿ’ ಎಂಬ ಮಾತಿಗೆ ಮರುಳಾಗಿ ರಾಜೀನಾಮೆ ಬರೆದರೆ ಈ ಪರಿಹಾರದ ಹಕ್ಕು ಕೈಜಾರುತ್ತದೆ. ಇಎಸ್‌ಐ ವಿಮೆ ಇದ್ದವರಿಗೆ 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗಳಿಕೆಯ ಶೇ. 50ರಷ್ಟು, ಗರಿಷ್ಠ 90 ದಿನ, ಜೀವನದಲ್ಲಿ ಒಂದು ಸಲ ಸಿಗುವ ವ್ಯವಸ್ಥೆಯಿದೆ. ಯೋಜನೆ ಈಗಲೂ ಜಾರಿಯಲ್ಲಿದೆಯೇ ಎಂಬುದನ್ನೂ ಅರ್ಹತೆಯ ನಿಯಮಗಳನ್ನೂ ಇಎಸ್‌ಐ ಶಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಕಾಗದ ಮುಂದಿಟ್ಟು ಸಹಿ ಕೇಳಿದರೆ ಆ ದಿನ ಸಹಿ ಹಾಕದೆ ಮನೆಗೆ ತನ್ನಿ, ಬಲ್ಲವರಿಗೆ ಓದಿಸಿ.