ಕ್ಯಾಮೆರಾ ಅಖಾಡದಲ್ಲಿ ಕೂಲಿಂಗ್ ಗ್ಲಾಸ್ ಸಾಹುಕಾರ!

ಹೀರೋ ತೆರೆಗೆ ಬಂದರೆ ಶಿಳ್ಳೆ ಹೊಡೀತೇವೆ. ಅವನನ್ನು ಸೆರೆಹಿಡಿದ ಕ್ಯಾಮೆರಾ ಯಾವ ಕಂಪನಿಯದು ಅಂತ ಎಂದಾದರೂ ಕೇಳಿದ್ದೇವೆಯೇ? ಈ ಕಂಪನಿಗಳ ಕಾಳಗ ಯಾವ ಫೈಟಿಂಗ್ ಸೀನಿಗೂ ಕಡಿಮೆಯದಲ್ಲ!

ಮೊದಲು ಹಳೇ ಹುಲಿಯ ಪರಿಚಯ. ಜರ್ಮನಿಯ ಮ್ಯೂನಿಕ್‌ನಲ್ಲಿ 1917ರಲ್ಲಿ ಆಗಸ್ಟ್ ಆರ್ನಾಲ್ಡ್ ಮತ್ತು ರಾಬರ್ಟ್ ರಿಕ್ಟರ್ ಶುರು ಮಾಡಿದ ಕಂಪನಿ ‘ಆರಿ’. ಇಬ್ಬರ ಹೆಸರಿನ ತುಣುಕು ಸೇರಿಸಿದರೆ ಅದೇ ಕಂಪನಿಯ ಹೆಸರು. 1937ರಲ್ಲಿ ಇವರು ತಂದ ಆರಿಫ್ಲೆಕ್ಸ್ 35 ಕ್ಯಾಮೆರಾದೊಳಗೆ ತಿರುಗುವ ಕನ್ನಡಿಯಿತ್ತು. ಅದರಿಂದ ಛಾಯಾಗ್ರಾಹಕ ಲೆನ್ಸಿನ ಮೂಲಕವೇ ನೋಡುತ್ತಾ ಚಿತ್ರೀಕರಿಸುವಂತಾಯಿತು.

ಇಂಥ ಹುಲಿಯ ಎದುರು ತೊಡೆ ತಟ್ಟಿದವನು ಯಾರು ಗೊತ್ತೆ? ‘ಓಕ್ಲಿ’ ಕೂಲಿಂಗ್ ಗ್ಲಾಸ್ ಮಾರಿ ಕೋಟ್ಯಧೀಶನಾದ ಅಮೆರಿಕದ ಜಿಮ್ ಜನ್ನಾರ್ಡ್! 2005ರಲ್ಲಿ ‘ರೆಡ್’ ಎಂಬ ಕಂಪನಿ ಕಟ್ಟಿದ. ಮರುವರ್ಷ, ಕ್ಯಾಮೆರಾ ಇನ್ನೂ ತಯಾರಾಗುವ ಮೊದಲೇ, ಸಾವಿರ ಡಾಲರ್ ಮುಂಗಡ ಕೊಡಿ ಎಂದ. ‘ಇವನು ಟೋಪಿ ಹಾಕ್ತಾನೆ’ ಅಂದವರೂ ಇದ್ದರು. ಆದರೆ 2007ರಲ್ಲಿ ಆಸಾಮಿ ಮಾತು ಉಳಿಸಿಕೊಂಡ. 17,500 ಡಾಲರಿಗೆ 4ಕೆ ಕ್ಯಾಮೆರಾ! ದೊಡ್ಡ ಕಂಪನಿಗಳ ಸಿನಿಮಾ ಕ್ಯಾಮೆರಾಗಳ ಮುಂದೆ ಅದು ಚಿಲ್ಲರೆ ಕಾಸು. 2010ರ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರೀಕರಣವಾದದ್ದು ಇದರಲ್ಲೇ.

ಹಳೇ ಹುಲಿ ಸುಮ್ಮನಿದ್ದೀತೇ? ಅದೇ 2010ರಲ್ಲಿ ಆರಿಯಿಂದ ‘ಅಲೆಕ್ಸಾ’ ಬಂತು. ಅದರಲ್ಲಿ ತೆಗೆದ ‘ಹ್ಯೂಗೋ’ 2012ರಲ್ಲಿ ಛಾಯಾಗ್ರಹಣದ ಆಸ್ಕರ್ ಗೆದ್ದಿತು!

ರೆಡ್ ಹತ್ತಿರ ಇನ್ನೊಂದು ಪಟ್ಟಿತ್ತು. ಅದು ಪೇಟೆಂಟ್. ಚಿತ್ರದ ಅಪಾರ ಮಾಹಿತಿಯನ್ನು ಕಣ್ಣಿಗೆ ಗುಣ ಕೆಟ್ಟಂತೆ ಕಾಣದ ಹಾಗೆ ಹಿಂಡಿ, ಕ್ಯಾಮೆರಾದೊಳಗೇ ಅಡಕ ಮಾಡುವ ಉಪಾಯದ ಮೇಲಿನ ಹಕ್ಕು. ಅದನ್ನು ಹಿಡಿದು 2013ರಲ್ಲಿ ಸೋನಿಯನ್ನು ಕೋರ್ಟಿಗೆಳೆಯಿತು. ಸೋನಿಯೂ ಎದುರು ಕೇಸು ಹಾಕಿತು. ಕೊನೆಗೆ ಇಬ್ಬರೂ ಹಿಂದೆ ಸರಿದರು. 2019ರಲ್ಲಿ ಪೇಟೆಂಟನ್ನೇ ಪ್ರಶ್ನಿಸಿದ ಆಪಲ್ ಕಂಪನಿಗೂ ಜಯ ಸಿಗಲಿಲ್ಲ. 2022ರಲ್ಲಿ ಜಪಾನಿನ ನಿಕಾನ್ ಮೇಲೆ ಕೇಸು ಬಿತ್ತು. 2023ರಲ್ಲಿ ಅದೂ ಮುಗಿಯಿತು.

ಕ್ಲೈಮ್ಯಾಕ್ಸ್ ಕೇಳಿ! 2024ರಲ್ಲಿ ಅದೇ ನಿಕಾನ್, ರೆಡ್ ಕಂಪನಿಯನ್ನೇ ಪೂರ್ತಿ ಕೊಂಡುಬಿಟ್ಟಿತು! ಕೇಸು ಹಾಕಿದವರು ಕೇಸು ಹಾಕಿಸಿಕೊಂಡವರ ಮನೆ ಸೇರಿದರು. ಜನ್ನಾರ್ಡ್ 2019ರಲ್ಲೇ ನಿವೃತ್ತನಾಗಿದ್ದ.

ಹೀಗೇಕಾಯಿತು ಅಂತೀರಾ? ಸೋನಿಗೆ ಸ್ವಂತ ಸೆನ್ಸರ್ ಕಾರ್ಖಾನೆಗಳಿವೆ. ನಿಕಾನ್ ಹುಟ್ಟಿದ್ದೂ 1917ರಲ್ಲೇ. ಲೆನ್ಸ್ ತಯಾರಿಕೆಯಲ್ಲಿ ಪಳಗಿದ ಕೈ. ರೆಡ್ ಹತ್ತಿರ ಇದ್ದದ್ದು ತಲೆ, ಧೈರ್ಯ, ಒಂದು ಪೇಟೆಂಟ್. ಬಾಗಿಲು ಒಡೆಯೋದಕ್ಕೆ ಅಷ್ಟು ಸಾಕಾಯಿತು. ಮನೆ ಉಳಿಸಿಕೊಳ್ಳೋದಕ್ಕೆ ಸಾಕಾಗಲಿಲ್ಲ.

ಆದರೆ ಒಡೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಕೂಸು ಕೊಬ್ಬಿತು! 2023ರ ಹಾಲಿವುಡ್ ಚಿತ್ರ ‘ದಿ ಕ್ರಿಯೇಟರ್’ ತೆಗೆದದ್ದು ಸುಮಾರು ನಾಲ್ಕು ಸಾವಿರ ಡಾಲರಿನ ಸೋನಿ ಎಫ್‌ಎಕ್ಸ್3 ಕ್ಯಾಮೆರಾದಲ್ಲಿ. ಲೆನ್ಸು, ಗ್ರಾಫಿಕ್ಸಿಗೆ ಸುರಿದ ಹಣದ ಮಾತು ಬೇರೆ ಬಿಡಿ.

ಕ್ಯಾಮೆರಾಮನ್ ಆಗುವ ಕನಸು ಕಾಣುತ್ತಿರುವ ಗೆಳೆಯರೇ, ‘ಒಳ್ಳೇ ಕ್ಯಾಮೆರಾ ಇಲ್ಲ’ ಅನ್ನೋ ಸಬೂಬು ಇನ್ನು ನಡೆಯೋದಿಲ್ಲ. ಬೆಳಕು ಯಾವ ಕಡೆಯಿಂದ ಬೀಳಬೇಕು ಅನ್ನೋ ವಿದ್ಯೆ ಮಾತ್ರ ಯಾವ ಕಂಪನಿಯ ಡಬ್ಬದಲ್ಲೂ ಬರೋದಿಲ್ಲ. ಅದನ್ನು ನೀವೇ ಕಲೀಬೇಕು!